ನಲ್ಲಿ ತೊಟ್ಟಿಕ್ಕಿದರೆ, ಬಚ್ಚಲು ಕಟ್ಟಿದರೆ: ಪ್ಲಂಬರ್ ಬರುವ ಮೊದಲು ನೀವು ಮಾಡಬಹುದಾದದ್ದು

ದಸರೆ ಹತ್ತಿರವಾದಂತೆ ನನಗೆ ಬರುವ ಪ್ರಶ್ನೆಗಳು ಒಂದೇ ಬಗೆಯವಾಗುತ್ತವೆ. ಅಡುಗೆಮನೆಯ ಸಿಂಕ್‌ನಲ್ಲಿ ನೀರು ನಿಲ್ಲುತ್ತಿದೆ, ಏನು ಸುರಿಯಲಿ? ಕೆಳಗಿನ ಬಚ್ಚಲಿನಲ್ಲಿ ನೀರು ಮೇಲಕ್ಕೆ ಉಕ್ಕುತ್ತಿದೆ, ಯಾರನ್ನು ಕರೆಯಲಿ? ಎಷ್ಟು ಬಿಗಿದರೂ ನಲ್ಲಿ ತೊಟ್ಟಿಕ್ಕುತ್ತದೆ, ಹೊಸದು ಹಾಕಿಸಬೇಕೇ? ದಸರೆಗೂ ಇದಕ್ಕೂ ನಿಜವಾಗಿಯೂ ನಂಟಿದೆ. ಅರ್ಧ ಕಟ್ಟಿಕೊಂಡ ಪೈಪು ನಾಲ್ಕು ಜನರ ನೀರನ್ನು ಹೇಗೋ ಸಾಗಿಸುತ್ತಿರುತ್ತದೆ. ಜಂಬೂಸವಾರಿ ನೋಡಲು ಬಂದ ಹನ್ನೆರಡು ಜನ ನೆಂಟರು ಬೆಳಿಗ್ಗೆ ಎಂಟರೊಳಗೆ ಸ್ನಾನ ಮುಗಿಸಿದರೆ ಅದು ಕೈಚೆಲ್ಲುತ್ತದೆ. ಅಂದು ಪ್ಲಂಬರ್ ಸಿಗುವುದಿಲ್ಲ. ಅವರ ಮನೆಗೂ ನೆಂಟರು ಬಂದಿರುತ್ತಾರೆ.

ಈ ಲೇಖನ ಮೈಸೂರಿನ ಸಾಮಾನ್ಯ ಮನೆಗಾಗಿ ಬರೆದದ್ದು: ನೆಲದಡಿಯಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು, ಜೊತೆಗೆ ಸೋಲಾರ್, ಅಂಗಳದಲ್ಲಿ ಎರಡು ಮೂರು ಚೇಂಬರ್. ಮಂಡ್ಯದ ಮನೆಗಳಿಗೂ ಇದು ಬಹುಮಟ್ಟಿಗೆ ಹೊಂದುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ನಿಮ್ಮ ಮನೆಯೊಳಗಿನ ಭಾಗವನ್ನು ಮಾತ್ರ ಮುಟ್ಟಿ. ಗೋಡೆಯಾಚೆಗಿನ ಪೈಪು ಎಲ್ಲರದು.

1. ನೀರು ಬರುವ ದಾರಿ, ಹೋಗುವ ದಾರಿ

ಒಂದು ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಟಾರ್ಚ್ ಹಿಡಿದು ಮನೆ ಸುತ್ತಿ. ಏನೂ ಕೆಟ್ಟಿಲ್ಲದ ದಿನವೇ ಇದನ್ನು ಮಾಡಬೇಕು.

ಕಾವೇರಿ ಅಥವಾ ಕಬಿನಿಯ ನೀರು ರಸ್ತೆಯ ಪೈಪಿನಿಂದ ಮೀಟರ್ ದಾಟಿ ಸಂಪಿಗೆ ಬೀಳುತ್ತದೆ. ಮೋಟಾರು ಅದನ್ನು ತಾರಸಿಗೆ ಏರಿಸುತ್ತದೆ. ಅಲ್ಲಿಂದ ಕೆಳಕ್ಕೆ ಇಳಿಯುವುದು ತನ್ನ ಭಾರದಿಂದಲೇ. ಬಳಸಿದ ನೀರು ಸಿಂಕ್, ಬಚ್ಚಲು, ಶೌಚಾಲಯಗಳಿಂದ ಟ್ರ್ಯಾಪ್‌ಗಳ ಮೂಲಕ ಅಂಗಳದ ಚೇಂಬರಿಗೆ, ಅಲ್ಲಿಂದ ರಸ್ತೆಯ ಒಳಚರಂಡಿಗೆ ಹೋಗುತ್ತದೆ. ನಾವೆಲ್ಲ ಯುಜಿಡಿ ಎಂದು ಕರೆಯುವುದು ಇದನ್ನೇ. ನಗರದ ಕೊಳಚೆ ನೀರು ಕೊನೆಗೆ ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯ ಶುದ್ಧೀಕರಣ ಘಟಕಗಳ ಕಡೆಗೆ ಹರಿಯುತ್ತದೆ.

ಟ್ರ್ಯಾಪ್ ಎಂದರೆ ಪೈಪಿನಲ್ಲಿ ಬೇಕೆಂದೇ ಮಾಡಿದ ಬಾಗು. ಅಲ್ಲಿ ಸದಾ ಎರಡು ಇಂಚಿನಷ್ಟು ನೀರು ನಿಂತಿರುತ್ತದೆ. ಚರಂಡಿಯ ವಾಸನೆ, ಜಿರಳೆ ಒಳಗೆ ಬಾರದಂತೆ ತಡೆಯುವ ಬಾಗಿಲು ಆ ನೀರೇ. ಚೇಂಬರ್ ಎಂದರೆ ಪೈಪುಗಳು ಸೇರುವ, ಮುಚ್ಚಳ ತೆಗೆದು ನೋಡಬಹುದಾದ ಚೌಕ ಗುಂಡಿ.

ಸುತ್ತುವಾಗ ಗುರುತು ಹಾಕಿಕೊಳ್ಳಬೇಕಾದವು: ಮೀಟರಿನ ಬಳಿಯ ವಾಲ್ವ್, ಟ್ಯಾಂಕಿನ ಕೆಳಗಿನ ವಾಲ್ವ್‌ಗಳು, ಪ್ರತಿ ಬಚ್ಚಲಿನ ವಾಲ್ವ್, ಎಲ್ಲ ಚೇಂಬರ್‌ಗಳು. ಯಾವ ವಾಲ್ವ್ ಯಾವುದಕ್ಕೆ ಎಂದು ತಿರುಗಿಸಿ ನೋಡಿ ಮಾರ್ಕರ್‌ನಲ್ಲಿ ಪೈಪಿನ ಮೇಲೆಯೇ ಬರೆಯಿರಿ. ತಾರಸಿಯಲ್ಲಿ ನಾಲ್ಕು ಒಂದೇ ತರಹದ ವಾಲ್ವ್‌ಗಳಿರುತ್ತವೆ, ರಾತ್ರಿ ಪೈಪು ಒಡೆದಾಗ ಯಾವುದು ಎಂದು ಹೊಳೆಯುವುದಿಲ್ಲ.

ಎಚ್ಚರಿಕೆ: ಚಕ್ರದ ಹಿಡಿಯಿರುವ ಹಳೆಯ ಹಿತ್ತಾಳೆಯ ಗೇಟ್ ವಾಲ್ವ್ ವರ್ಷಗಟ್ಟಲೆ ತಿರುಗಿಸದೆ ಬಿಟ್ಟಿದ್ದರೆ ಬಲ ಪ್ರಯೋಗಿಸಬೇಡಿ. ಒಳಗಿನ ಕಡ್ಡಿ ಮುರಿದರೆ ಬಾಗಿಲು ಮುಚ್ಚಿದಲ್ಲೇ ಸಿಕ್ಕಿಕೊಂಡು ಮನೆಗೆ ನೀರೇ ಇಲ್ಲವಾಗುತ್ತದೆ. ಎರಡು ಹನಿ ಎಣ್ಣೆ ಬಿಟ್ಟು, ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಸಡಿಲಿಸಿ. ಆಮೇಲೆ ಮೂರು ತಿಂಗಳಿಗೊಮ್ಮೆ ತಿರುಗಿಸುತ್ತಿರಿ.

ಅಗ್ರಹಾರ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂನಂಥ ಹಳೆಯ ಬಡಾವಣೆಗಳಲ್ಲಿರುವವರಿಗೆ ಒಂದು ಮಾತು. ಪ್ಲೇಗಿನ ಕಾಲದ ಪೆಟ್ಟು ತಿಂದ ಮೇಲೆ ಮೈಸೂರಿನಲ್ಲಿ 1903ರಲ್ಲಿ ಬಡಾವಣೆಗಳನ್ನು ಯೋಜಿಸುವ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಹಳೆಯ ಬಡಾವಣೆಗಳ ಮನೆಗಳ ಹಿಂದೆ ಶೌಚದ ಕಸ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಓಣಿಗಳನ್ನು ನೀವು ನೋಡಿಯೇ ಇರುತ್ತೀರಿ. ಎಷ್ಟೋ ಮನೆಗಳ ಕೊಳಚೆ ಪೈಪು ಮುಂದಿನ ರಸ್ತೆಗಲ್ಲ, ಈ ಹಿಂದಿನ ಓಣಿಗೆ ಸೇರಿದೆ. ಮುಂಭಾಗವನ್ನೆಲ್ಲ ಅಗೆಸಿದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ.

ಹೊಸ ಮನೆಯವರ ತಪ್ಪು ಬೇರೆ: ಅಂಗಳಕ್ಕೆ ಚೆಂದದ ಟೈಲ್ಸ್ ಹಾಕಿಸುವಾಗ ಚೇಂಬರ್ ಮುಚ್ಚಳದ ಮೇಲೂ ಹಾಕಿಸಿಬಿಡುತ್ತಾರೆ. ದಯವಿಟ್ಟು ಬೇಡ.

2. ‘ಒಂದೋ, ಎಲ್ಲವೋ?’ ಎಂದು ಕೇಳಿಕೊಳ್ಳಿ

ಸ್ಪ್ಯಾನರ್ ಹಿಡಿಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇದೇ.

ಒಂದು ನಲ್ಲಿಯಲ್ಲಿ ಮಾತ್ರ ನೀರು ಸಣ್ಣಗೆ ಬರುತ್ತಿದ್ದರೆ ದೋಷ ಆ ನಲ್ಲಿಯಲ್ಲಿದೆ. ಒಂದು ಬಚ್ಚಲಿನ ಎಲ್ಲ ನಲ್ಲಿಗಳಲ್ಲೂ ಹಾಗಿದ್ದರೆ ಆ ಬಚ್ಚಲಿನ ವಾಲ್ವ್‌ನಲ್ಲಿ. ಬಿಸಿನೀರು ಮಾತ್ರ ಎಲ್ಲ ಕಡೆ ಸಣ್ಣಗಿದ್ದರೆ ಸೋಲಾರ್ ಕಡೆ ನೋಡಿ. ಇಡೀ ಮನೆಯಲ್ಲಿ ಹಾಗಿದ್ದರೆ ಟ್ಯಾಂಕಿನ ಬಾಯಿಯಲ್ಲಿ ಹುಡುಕಿ.

ಹೊರಹೋಗುವ ನೀರಿಗೂ ಇದೇ ಲೆಕ್ಕ. ಸಿಂಕ್ ಒಂದೇ ಕಟ್ಟಿದರೆ ಅದರ ಟ್ರ್ಯಾಪ್. ಸಿಂಕ್ ಮತ್ತು ಪಕ್ಕದ ಪಾತ್ರೆ ತೊಳೆಯುವ ಜಾಗ ಎರಡೂ ಕಟ್ಟಿದರೆ ಅವು ಸೇರುವ ಪೈಪು. ಮೇಲಿನ ಮನೆಯಲ್ಲಿ ಸ್ನಾನ ಮಾಡಿದರೆ ಕೆಳಗಿನ ಬಚ್ಚಲಿನಲ್ಲಿ ನೀರು ಉಕ್ಕುತ್ತಿದ್ದರೆ ತಡೆ ಅಂಗಳದ ಚೇಂಬರಿನಲ್ಲೋ ರಸ್ತೆಯಲ್ಲೋ ಇದೆ; ಬಚ್ಚಲಿಗೆ ಎಷ್ಟು ಆಸಿಡ್ ಸುರಿದರೂ ಅಲ್ಲಿಗೆ ತಲುಪುವುದಿಲ್ಲ. ನೀರು ಮೊದಲು ಉಕ್ಕುವುದು ಅತ್ಯಂತ ತಗ್ಗಿನ ಬಾಯಿಯಲ್ಲಿ. ಅದು ತಡೆ ಇರುವ ಜಾಗವಲ್ಲ, ತಡೆಗೆ ಮೊದಲು ಸಿಗುವ ಕಿಂಡಿ.

3. ಕೈಗೆ ಸಿಗುವಂತೆ ಇರಬೇಕಾದವು

ಅಗಲ ಹೆಚ್ಚು ಕಡಿಮೆ ಮಾಡಬಹುದಾದ ಸ್ಪ್ಯಾನರ್ ಒಂದು, ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪು, ಅರ್ಧ ಇಂಚಿನ ನಲ್ಲಿಯ ವಾಷರ್‌ಗಳು ನಾಲ್ಕಾರು, ಮರದ ಹಿಡಿಯ ರಬ್ಬರ್ ಬಟ್ಟಲು ಅಂದರೆ ಪ್ಲಂಜರ್, ಡ್ರೈನ್ ಸ್ಪ್ರಿಂಗ್ ಎಂದು ಕೇಳಿದರೆ ಕೊಡುವ ಉದ್ದನೆಯ ಬಳುಕುವ ತಂತಿ, ರಬ್ಬರ್ ಕೈಗವಸು, ಹಳೆಯ ಹಲ್ಲುಜ್ಜುವ ಬ್ರಷ್, ಬಕೆಟ್. ಎಲ್ಲವೂ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಯಾವುದೇ ಬಿಡಿಭಾಗ ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ‘ಅರ್ಧ ಇಂಚಿನದು’ ಎಂದು ಬಾಯಲ್ಲಿ ಹೇಳಿ ತಂದದ್ದು ಹೊಂದದೆ ಮತ್ತೆ ಅಂಗಡಿಗೆ ಹೋದವರೇ ಹೆಚ್ಚು.

4. ತೊಟ್ಟಿಕ್ಕುವ ನಲ್ಲಿ

ತೊಟ್ಟಿಕ್ಕುವ ನೀರನ್ನು ಒಂದು ಪಾತ್ರೆಯಲ್ಲಿ ಹಿಡಿದು ಗಡಿಯಾರ ನೋಡಿ. ಒಂದು ಲೀಟರ್ ತುಂಬಲು ಹತ್ತು ನಿಮಿಷವಾದರೆ ದಿನಕ್ಕೆ 144 ಲೀಟರ್ ಹೋಗುತ್ತಿದೆ.

ನಿಮ್ಮ ನಲ್ಲಿ ಯಾವ ಬಗೆಯದು ಎಂದು ಮೊದಲು ತಿಳಿಯಬೇಕು. ಮೂರು ನಾಲ್ಕು ಸುತ್ತು ತಿರುಗಿಸಿದ ಮೇಲೆ ನಿಲ್ಲುವುದು ವಾಷರ್ ನಲ್ಲಿ. ಕಾಲು ಸುತ್ತಿಗೆ ನಿಲ್ಲುವುದರ ಒಳಗೆ ಸಾಮಾನ್ಯವಾಗಿ ಪಿಂಗಾಣಿ ತಟ್ಟೆಗಳಿರುವ ಕಾರ್ಟ್ರಿಡ್ಜ್ ಇರುತ್ತದೆ.

ವಾಷರ್ ನಲ್ಲಿಗೆ:

1. ಆ ಬಚ್ಚಲಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರನ್ನು ಹರಿಯಬಿಡಿ. ನೆಲದ ಜಾಲರಿಯ ಮೇಲೆ ಬಟ್ಟೆ ಹಾಸಿ. ಕೈ ಜಾರಿದ ಸ್ಕ್ರೂ ಮೊದಲು ಹೋಗುವುದು ಅಲ್ಲಿಗೇ.
2. ಹಿಡಿಯ ಸ್ಕ್ರೂ ಬಿಚ್ಚಿ ಹಿಡಿ ತೆಗೆಯಿರಿ. ಕೆಳಗಿನ ಆರು ಮೂಲೆಯ ನಟ್ಟನ್ನು ಸ್ಪ್ಯಾನರ್‌ನಿಂದ ಸಡಿಲಿಸಿ. ಇನ್ನೊಂದು ಕೈಯಲ್ಲಿ ನಲ್ಲಿಯ ಒಡಲನ್ನು ಬಿಗಿಯಾಗಿ ಹಿಡಿದಿರಿ. ಇಲ್ಲದಿದ್ದರೆ ನಲ್ಲಿಯೇ ತಿರುಗಿ ಗೋಡೆಯೊಳಗಿನ ಪೈಪಿಗೆ ಪೆಟ್ಟು.
3. ಹೊರಬಂದ ಸ್ಪಿಂಡಲ್, ಅಂದರೆ ನಡುವಿನ ಕಡ್ಡಿಯ ತುದಿಯಲ್ಲಿ ಸವೆದ ವಾಷರ್ ಇರುತ್ತದೆ. ಅದನ್ನು ಬದಲಿಸಿ.
4. ವಾಷರ್ ಕೂರುವ ಬಾಯಿಯನ್ನು ಬೆರಳಿಂದ ಮುಟ್ಟಿ ನೋಡಿ. ಅಲ್ಲಿ ಹಳ್ಳ ಬಿದ್ದಿದ್ದರೆ ಹೊಸ ವಾಷರ್ ಹದಿನೈದು ದಿನ ಬಾಳುವುದಿಲ್ಲ. ನಲ್ಲಿಯನ್ನೇ ಬದಲಿಸುವುದು ಲೇಸು.

ಕಾರ್ಟ್ರಿಡ್ಜ್ ನಲ್ಲಿಯಲ್ಲಿ ರಿಪೇರಿ ಎಂಬುದಿಲ್ಲ. ಬಿಚ್ಚಿ, ಅದೇ ಕಂಪನಿಯ ಅದೇ ಅಳತೆಯ ಹೊಸ ಕಾರ್ಟ್ರಿಡ್ಜ್ ಹಾಕಬೇಕು. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣದ ಹರಳು ಸಿಕ್ಕಿಯೂ ಸೋರುವುದುಂಟು; ಹಾಗಾಗಿ ಹೊಸದು ತರುವ ಮೊದಲು ಒಮ್ಮೆ ತೊಳೆದು ಹಾಕಿ ನೋಡಿ.

ನಲ್ಲಿಯ ಬಾಯಿಯಲ್ಲಲ್ಲ, ಗೋಡೆಗೆ ಸೇರುವಲ್ಲಿ ಜಿನುಗುತ್ತಿದ್ದರೆ ಟೇಪಿನ ಕೆಲಸ. ತಿರುಪಿನ ತುದಿಯನ್ನು ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಂಟು ಹತ್ತು ಸುತ್ತು ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪು ಮುದುಡಿಕೊಂಡು ಹೊರಬರುತ್ತದೆ.

ಎಚ್ಚರಿಕೆ: ಪ್ಲಾಸ್ಟಿಕ್ ನಲ್ಲಿ, ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲಿ ಬಿಗಿದು, ಬೇಕಿದ್ದರೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಮಾತ್ರ. ಇನ್ನೊಂದೇ ಒಂದು ಸುತ್ತು ಎಂದು ಹೊರಟು ರಾತ್ರಿ ಒಂಬತ್ತೂವರೆಗೆ ನಾನೇ ಒಂದು ನಟ್ಟು ಸೀಳಿದ್ದೇನೆ. ಆ ಇರುಳು ಮನೆಯವರೆಲ್ಲ ಬಕೆಟ್‌ನಲ್ಲಿ ಹಿಡಿದಿಟ್ಟ ನೀರಿನಲ್ಲೇ ಕಳೆದರು.

5. ನೀರು ಸಣ್ಣಗೆ ಬಂದರೆ, ಬಾರದೇ ಹೋದರೆ

ಒಂದೇ ನಲ್ಲಿಯಾದರೆ ಅದರ ಬಾಯಿಯ ಜಾಲರಿಯನ್ನು ಬಿಚ್ಚಿ. ಮರಳು, ಸುಣ್ಣದ ಚೂರು ಕಾಣುತ್ತದೆ. ನಿಂಬೆರಸ ಅಥವಾ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಬ್ರಷ್‌ನಿಂದ ಉಜ್ಜಿ. ಶವರಿಗೂ ಇದೇ ಉಪಾಯ.

ಮೇಲಿನ ಮಹಡಿಯ ಶವರ್ ಮೊದಲಿನಿಂದಲೂ ಸಣ್ಣಗಿದ್ದರೆ ಅದು ಕೆಟ್ಟಿಲ್ಲ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. ನಿಮ್ಮ ಟ್ಯಾಂಕು ಶವರಿಗಿಂತ ಎರಡು ಮೀಟರ್ ಮೇಲಿದ್ದರೆ ಅದರ ಐದನೆಯ ಒಂದು ಭಾಗ ಮಾತ್ರ. ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಒತ್ತಡದ ಪಂಪು ಹಾಕಿಸಬೇಕು.

ಟ್ಯಾಂಕು ತೊಳೆದ ಮರುದಿನ ನೀರು ನಿಂತರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಏರ್ ಲಾಕ್ ಎನ್ನುತ್ತಾರೆ. ಟ್ಯಾಂಕು ತುಂಬಿಸಿ, ಆ ಸಾಲಿನ ಎಲ್ಲ ನಲ್ಲಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ತೆರೆದಿಡಿ. ಬುಸ್ ಬುಸ್ ಎಂದು ಕೆಮ್ಮಿ ನೀರು ಬರಲಾರಂಭಿಸುತ್ತದೆ. ಬಿಸಿನೀರಿನ ಸಾಲಾದರೆ ಮುಂಜಾನೆಯಲ್ಲೇ ಮಾಡಿ. ಮಧ್ಯಾಹ್ನ ಸೋಲಾರ್ ನೀರು ಕೈ ಸುಡುವಷ್ಟಿರುತ್ತದೆ.

ಮೋಟಾರು ಓಡುತ್ತದೆ, ನೀರು ಏರುವುದಿಲ್ಲ ಎಂಬ ದೂರು ಸಂಪಿನ ಮೇಲೆ ಕೂರಿಸಿದ ಪಂಪುಗಳದು. ಸಂಪಿನೊಳಗಿನ ಪೈಪಿನ ತುದಿಯಲ್ಲಿ ಫುಟ್ ವಾಲ್ವ್ ಎಂಬ ಒಮ್ಮುಖದ ಬಾಗಿಲಿದೆ. ಅದಕ್ಕೆ ಕಸ ಸಿಕ್ಕರೆ ಪೈಪಿನ ನೀರೆಲ್ಲ ಸಂಪಿಗೆ ಇಳಿದು ಪಂಪು ಬರಿ ಗಾಳಿ ಎಳೆಯುತ್ತದೆ. ಮೇನ್ ಸ್ವಿಚ್ ಆರಿಸಿ, ಪಂಪಿನ ಮೇಲಿನ ಬಿರಡೆ ತೆಗೆದು, ಗುಳ್ಳೆ ನಿಲ್ಲುವ ತನಕ ನೀರು ತುಂಬಿ, ಬಿರಡೆ ಬಿಗಿದು ಮತ್ತೆ ಹಾಕಿ. ನೀರಿಲ್ಲದೆ ಪಂಪನ್ನು ಒಂದೆರಡು ನಿಮಿಷಕ್ಕಿಂತ ಹೆಚ್ಚು ಓಡಿಸಿದರೆ ಒಳಗಿನ ಸೀಲ್ ಸುಡುತ್ತದೆ. ವಾರದೊಳಗೆ ಮತ್ತೆ ಹೀಗೇ ಆದರೆ ಫುಟ್ ವಾಲ್ವ್ ಬದಲಿಸುವ ಹೊತ್ತು. ಅದನ್ನು ಬಲ್ಲವರಿಗೆ ಬಿಡಿ, ಸಂಪಿಗೆ ನೀವು ಇಳಿಯಬೇಡಿ.

6. ಸದ್ದಿಲ್ಲದೆ ಸೋರುವ ಫ್ಲಶ್ ಟ್ಯಾಂಕು

ರಾತ್ರಿ ತುಂಬಿಸಿದ ತಾರಸಿಯ ಟ್ಯಾಂಕು ಬೆಳಿಗ್ಗೆ ಅರ್ಧವಾಗಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಬಟ್ಟೆಗೆ ಹಾಕುವ ನೀಲಿಯನ್ನು ಮೂರು ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನ ನೀರು ನೀಲಿಯಾದರೆ ಸೋರಿಕೆ ಖಚಿತ.

ಮುಚ್ಚಳ ತೆಗೆದು ನೋಡಿ. ನೀರು ನಡುವಿನ ಕೊಳವೆಯ ತಲೆಯ ಮೇಲಿಂದ ಒಳಗೆ ಸುರಿಯುತ್ತಿದ್ದರೆ ತೇಲುಬುರುಡೆ, ಅಂದರೆ ಫ್ಲೋಟ್, ಸರಿಯಾದ ಮಟ್ಟಕ್ಕೆ ನೀರು ನಿಲ್ಲಿಸುತ್ತಿಲ್ಲ. ಅದರ ಸ್ಕ್ರೂ ತಿರುಗಿಸಿ ನೀರಿನ ಮಟ್ಟ ಕೊಳವೆಯ ತಲೆಗಿಂತ ಒಂದು ಇಂಚು ಕೆಳಗೆ ಬರುವಂತೆ ಮಾಡಿ. ಮಟ್ಟ ಸರಿಯಿದ್ದೂ ನೀಲಿ ಇಳಿದರೆ ತಳದ ರಬ್ಬರ್ ಸೀಲ್ ಸವೆದಿದೆ ಅಥವಾ ಸುಣ್ಣ ಕಟ್ಟಿದೆ.

7. ಕಟ್ಟಿದ ಸಿಂಕ್

ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆ, ಹೆಚ್ಚು ಅನಾಹುತ ಆಗುವುದೂ ಇಲ್ಲಿಯೇ.

ನಮ್ಮ ಸಿಂಕ್ ಅನ್ನು ಕಟ್ಟುವವರು ಯಾರು ಎಂದು ನೋಡೋಣ. ತುಪ್ಪ, ಒಗ್ಗರಣೆಯ ಎಣ್ಣೆ ಬಿಸಿಯಿರುವಾಗ ಸಲೀಸಾಗಿ ಇಳಿದು ಪೈಪಿನ ತಣ್ಣನೆಯ ಗೋಡೆಗೆ ಅಂಟಿ ಗಟ್ಟಿಯಾಗುತ್ತವೆ. ಆ ಜಿಡ್ಡಿಗೆ ಫಿಲ್ಟರಿನ ಕಾಫಿ ಚರಟ ಮೆತ್ತಿಕೊಳ್ಳುತ್ತದೆ. ಮೇಲೆ ದೋಸೆ ಹಿಟ್ಟು ಉಳಿದ ಪಾತ್ರೆ, ಮುದ್ದೆ ತೊಳಸಿದ ಪಾತ್ರೆಗಳ ನೀರು. ಹಿಟ್ಟು ಒಣಗಿದರೆ ಗಾರೆಯಂತಾಗುತ್ತದೆ. ಕಾಫಿ ಚರಟವನ್ನು ಗಿಡದ ಬುಡಕ್ಕೆ, ಜಿಡ್ಡನ್ನು ಹಳೆಯ ಕಾಗದದಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕಿದರೆ ಈ ಭಾಗವನ್ನು ನೀವು ಮತ್ತೆ ಓದಬೇಕಾಗುವುದಿಲ್ಲ.

ಈಗ ಕಟ್ಟಿಯಾಗಿದೆ ಎನ್ನಿ.

1. ನಿಂತ ನೀರನ್ನು ಚೊಂಬಿನಿಂದ ಬಕೆಟ್ಟಿಗೆ ತುಂಬಿ ತೆಗೆಯಿರಿ. ನಾಲ್ಕು ಬೆರಳು ನೀರು ಉಳಿದಿರಲಿ.
2. ಪ್ಲಂಜರಿನ ರಬ್ಬರ್ ಬಾಯಿ ಆ ನೀರಿನಲ್ಲಿ ಮುಳುಗುವಂತೆ ಕಿಂಡಿಯ ಮೇಲೆ ಒತ್ತಿ. ಸಿಂಕಿನ ಮೇಲುಭಾಗದಲ್ಲಿ ನೀರು ತುಂಬಿ ಹರಿಯದಂತೆ ಇಟ್ಟ ಇನ್ನೊಂದು ತೂತಿದ್ದರೆ, ಎರಡು ತೊಟ್ಟಿಯ ಸಿಂಕ್ ಆದರೆ ಆ ಇನ್ನೊಂದು ಕಿಂಡಿಯನ್ನೂ, ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ. ಇದನ್ನು ಮರೆತರೆ ನೀವು ಒತ್ತಿದ್ದೆಲ್ಲ ಆ ತೂತಿನಿಂದ ಹೊರಹೋಗುತ್ತದೆ, ತಡೆ ಅಲುಗಾಡುವುದೇ ಇಲ್ಲ.
3. ಹದಿನೈದು ಇಪ್ಪತ್ತು ಬಾರಿ ಮೇಲೆ ಕೆಳಗೆ ಆಡಿಸಿ ಒಮ್ಮೆಲೇ ಎತ್ತಿ. ಕೆಲಸ ಮಾಡುವುದು ಒತ್ತುವುದಕ್ಕಿಂತ ಹೆಚ್ಚಾಗಿ ಎಳೆಯುವುದು. ಮೂರು ಸಲ ಹೀಗೆ ಮಾಡಿ.
4. ಆಗಲಿಲ್ಲವೇ? ಸಿಂಕಿನ ಕೆಳಗೆ ಲೋಟದ ಆಕಾರದ್ದೊಂದು ನೇತಾಡುತ್ತಿದ್ದರೆ ಅದು ಬಾಟಲ್ ಟ್ರ್ಯಾಪ್. ಅದರಡಿ ಬಕೆಟ್ ಇಟ್ಟು, ಆಮೇಲೆ ಲೋಟವನ್ನು ಕೈಯಿಂದ ತಿರುಗಿಸಿ ಬಿಚ್ಚಿ. ಇದೇ ಅನುಕ್ರಮದಲ್ಲಿ. ಒಳಗಿನ ಕೆಸರು ತೆಗೆದು ತೊಳೆದು, ರಬ್ಬರ್ ವಾಷರ್ ಮೊದಲಿದ್ದ ರೀತಿಯಲ್ಲೇ ಕೂತಿದೆ ಎಂದು ನೋಡಿ ಹಾಕಿ. ಬಕೆಟ್ಟಿನ ನೀರನ್ನು ಚೆಲ್ಲಲು ಅಭ್ಯಾಸಬಲದಿಂದ ಅದೇ ಸಿಂಕಿಗೆ ಸುರಿದು ಕಾಲು ನೆನೆಸಿಕೊಂಡವರು ಇದ್ದಾರೆ.
5. ಟ್ರ್ಯಾಪ್ ಶುಚಿಯಾಗಿಯೇ ಇದ್ದರೆ ತಡೆ ಗೋಡೆಯೊಳಗಿನ ಪೈಪಿನಲ್ಲಿದೆ. ಟ್ರ್ಯಾಪ್ ಬಿಚ್ಚಿದಲ್ಲಿಂದಲೇ ಡ್ರೈನ್ ಸ್ಪ್ರಿಂಗ್ ತೂರಿಸಿ. ತಡೆ ತಗುಲಿದಾಗ ಗುದ್ದಬೇಡಿ. ಹಿಡಿ ತಿರುಗಿಸುತ್ತ ಸ್ವಲ್ಪ ಸ್ವಲ್ಪವೇ ಮುಂದೆ ದೂಡಿ, ಕಸ ಸಿಕ್ಕಿದೆ ಅನ್ನಿಸಿದಾಗ ಹಿಂದಕ್ಕೆ ಎಳೆಯಿರಿ.
6. ನೀರು ಇಳಿಯತೊಡಗಿದ ಮೇಲೆ ಕೈ ತಾಳುವಷ್ಟು ಬಿಸಿಯ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಒಂದು ಬಕೆಟ್ ಒಮ್ಮೆಲೇ ಸುರಿಯಿರಿ.

ಎಚ್ಚರಿಕೆಗಳು ಮೂರು. ಮೊದಲನೆಯದು, ಕುದಿಯುವ ನೀರು ಸುರಿಯಬೇಡಿ; ಪಿವಿಸಿ ಪೈಪು ಮೆತ್ತಗಾಗಿ ಜೋಡಣೆಗಳು ಬಿಡುತ್ತವೆ. ಅನ್ನದ ಗಂಜಿಯನ್ನು ಒಲೆಯಿಂದಿಳಿಸಿ ನೇರ ಸಿಂಕಿಗೆ ಬಸಿಯುವುದೂ ಇದೇ ಸಾಲಿಗೆ ಸೇರುತ್ತದೆ. ಎರಡನೆಯದು, ತಡೆ ಬಿಡಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನೀರು ತಾಗಿದರೆ ಕಾಯುತ್ತದೆ, ಚರ್ಮ ಸುಡುತ್ತದೆ. ಪುಡಿ ಹಾಕಿದ ಮೇಲೆ ತಡೆ ಬಿಡದಿದ್ದರೆ ಪ್ಲಂಜರ್ ಹಾಕಬೇಡಿ, ಟ್ರ್ಯಾಪ್ ಬಿಚ್ಚಬೇಡಿ. ಆ ನೀರು ಮುಖಕ್ಕೆ ಎರಚುತ್ತದೆ. ಪ್ಲಂಬರ್ ಬಂದರೆ ಪುಡಿ ಹಾಕಿದ್ದನ್ನು ಮೊದಲು ಹೇಳಿ, ಕೈ ಹಾಕುವವರು ಅವರು.

ಮೂರನೆಯದು ಜೀವದ ವಿಷಯ. ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎಂದೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ನಾಲ್ಕು ಉಸಿರು ಸಾಕು ಕೆಡಿಸಲು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂಬ ಲೆಕ್ಕಾಚಾರವೂ ಬೇಡ. ಕಟ್ಟಿದ ಪೈಪಿನಲ್ಲಿ ಬೆಳಗಿನದು ಅಲ್ಲಿಯೇ ನಿಂತಿರುತ್ತದೆ.

ಅಡುಗೆ ಸೋಡಾ, ವಿನೆಗರ್ ಬೆರೆಸಿ ಸುರಿದರೆ ಸಾಕಂತೆ, ನಿಜವೇ ಎಂದು ಬಹಳ ಮಂದಿ ಕೇಳುತ್ತಾರೆ. ನೊರೆ ಚೆನ್ನಾಗಿ ಬರುತ್ತದೆ. ಗಟ್ಟಿ ಜಿಡ್ಡಿನ ಮುಂದೆ ಆ ನೊರೆಗೆ ಬಲವಿಲ್ಲ.

8. ಬಚ್ಚಲು ಮತ್ತು ವಾಸನೆ

ಬಚ್ಚಲಿನ ಮೂಲೆಯ ಜಾಲರಿಯ ಕೆಳಗಿರುವುದು ನಾನಿ ಟ್ರ್ಯಾಪ್. ಅಂಗಡಿಯಲ್ಲೂ ಇದೇ ಹೆಸರಿನಲ್ಲಿ ಕೇಳಿ. ಅದನ್ನು ಕಟ್ಟುವುದು ಬಹುತೇಕ ಕೂದಲು ಮತ್ತು ಸೋಪು. ಜಾಲರಿ ಎತ್ತಿ, ಒಳಗೆ ಬಟ್ಟಲು ಇದ್ದರೆ ಅದನ್ನೂ ಎತ್ತಿ, ಕೈಗವಸು ಹಾಕಿ ಕೂದಲಿನ ಉಂಡೆ ತೆಗೆಯಿರಿ. ಐದು ನಿಮಿಷದ ಕೆಲಸ. ತೆಗೆದ ಬಟ್ಟಲನ್ನು ಮರಳಿ ಇಡುವುದು ಮುಖ್ಯ. ನೀರು ಬೇಗ ಹೋಗಲಿ ಎಂದು ಅದನ್ನು ಎಸೆದು, ಆಮೇಲೆ ಜಿರಳೆ ಬರುತ್ತದೆ ಎಂದು ಔಷಧಿ ಹೊಡೆಸುವ ಮನೆಗಳಿವೆ.

ಕಟ್ಟಿಲ್ಲ, ಬರೀ ವಾಸನೆ ಎಂದಾದರೆ ಟ್ರ್ಯಾಪ್‌ನ ನೀರು ಒಣಗಿರಬಹುದು. ಮಕ್ಕಳು ಬೆಂಗಳೂರಿನಲ್ಲಿ, ಮೇಲಿನ ಬಚ್ಚಲು ಬೀಗ ಹಾಕಿದಂತಿದೆ ಎಂಬ ಮನೆಗಳಲ್ಲಿ ಬೇಸಿಗೆಯಲ್ಲಿ ಇದು ಖಾಯಂ. ವಾರಕ್ಕೊಮ್ಮೆ ಪ್ರತಿ ಜಾಲರಿಗೂ ಎರಡು ಚೊಂಬು ನೀರು ಹಾಕಿದರೆ ವಾಸನೆ ಅಂದೇ ನಿಲ್ಲುತ್ತದೆ.

ನೀರು ಹಾಕಿದ ಮೇಲೂ ವಾಸನೆ, ಜೊತೆಗೆ ಫ್ಲಶ್ ಮಾಡಿದಾಗಲೆಲ್ಲ ಪಕ್ಕದ ಜಾಲರಿಯಲ್ಲಿ ಗುಳುಗುಳು ಸದ್ದು ಬರುತ್ತಿದ್ದರೆ ತಾರಸಿಗೆ ಹತ್ತಿ. ಕೊಳಚೆ ಪೈಪಿನ ಗಾಳಿಗೊಳವೆ ಮೇಲೆ ತೆರೆದಿರಬೇಕು. ಎಲೆ, ಹಕ್ಕಿಗೂಡು ಅದನ್ನು ಮುಚ್ಚಿದ್ದರೆ ಇಳಿಯುವ ನೀರು ಗಾಳಿಗಾಗಿ ನಿಮ್ಮ ಟ್ರ್ಯಾಪ್‌ಗಳ ನೀರನ್ನೇ ಹೀರಿಕೊಂಡು ಹೋಗುತ್ತದೆ.

9. ಚೇಂಬರ್ ತುಂಬಿದಾಗ

ಎಲ್ಲವೂ ಕಟ್ಟಿದೆ, ಕೆಳಗಿನ ಬಚ್ಚಲು ಉಕ್ಕುತ್ತಿದೆ. ಮನೆಯಲ್ಲಿ ನೀರು ಬಳಸುವುದನ್ನು ಮೊದಲು ನಿಲ್ಲಿಸಿ. ಮೇಲಿನ ಮನೆಯವರಿಗೂ, ತೊಳೆಯುವ ಯಂತ್ರ ಹಾಕಿದವರಿಗೂ ಹೇಳಿ.

1. ಮನೆಗೆ ಹತ್ತಿರದ ಚೇಂಬರಿನಿಂದ ಶುರುಮಾಡಿ ರಸ್ತೆಯ ಕಡೆಗೆ ಒಂದೊಂದೇ ಮುಚ್ಚಳ ತೆಗೆಯಿರಿ. ಕಬ್ಬಿಣದ ಸರಳು ಹಾಕಿ ಎತ್ತಿ, ಕಲ್ಲು ಕೊಟ್ಟು ನಿಲ್ಲಿಸಿ, ಬೆರಳು ಸಂದಿನಲ್ಲಿಡಬೇಡಿ. ತೆರೆದ ಕೂಡಲೇ ಬಗ್ಗಿ ನೋಡಬೇಡಿ, ಬೆಂಕಿಕಡ್ಡಿ ಗೀರಬೇಡಿ. ಗಾಳಿಯಾಡಲು ಹದಿನೈದು ನಿಮಿಷ ಬಿಡಿ. ಮಕ್ಕಳನ್ನು ದೂರವಿಡಿ.
2. ತುಂಬಿದ ಚೇಂಬರ್, ಅದರ ಮುಂದಿನ ಖಾಲಿ ಚೇಂಬರ್ ಯಾವುವು ಎಂದು ನೋಡಿ. ತಡೆ ಇರುವುದು ಇವೆರಡರ ನಡುವಿನ ಪೈಪಿನಲ್ಲಿ.
3. ಖಾಲಿ ಚೇಂಬರಿನ ಕಡೆಯಿಂದ ಉದ್ದನೆಯ ಬಿದಿರಿನ ದಬ್ಬೆಯನ್ನೋ ಸ್ಪ್ರಿಂಗನ್ನೋ ಮನೆಯ ದಿಕ್ಕಿಗೆ ತೂರಿಸಿ. ನಿಂತು ಮಾಡಿ, ಗುಂಡಿಗೆ ಇಳಿಯದೆ. ತಡೆ ಬಿಟ್ಟರೆ ನೀರು ಒಮ್ಮೆಲೇ ನುಗ್ಗುತ್ತದೆ, ಪಕ್ಕಕ್ಕೆ ಸರಿದಿರಿ.
4. ಮುರಿದ ಕಸ ಮುಂದಿನ ಪೈಪಿಗೆ ಹೋಗದಂತೆ ಜಾಲರಿ ಅಡ್ಡ ಹಿಡಿದು ಮೇಲಿಂದಲೇ ಎತ್ತಿ ತೆಗೆಯಿರಿ. ಸ್ಯಾನಿಟರಿ ಪ್ಯಾಡ್, ಒದ್ದೆ ಒರೆಸುವ ಕಾಗದ, ಪೂಜೆಯ ಹೂ, ಪ್ಲಾಸ್ಟಿಕ್ ಸ್ಯಾಚೆಟ್: ಏನು ಸಿಕ್ಕಿತು ಎಂಬುದನ್ನು ಮನೆಯವರಿಗೆಲ್ಲ ತೋರಿಸಿದರೆ ಹೆಚ್ಚು ಹೇಳಬೇಕಾಗುವುದಿಲ್ಲ.
5. ಎರಡು ಮೂರು ಬಕೆಟ್ ನೀರು ಒಮ್ಮೆಲೇ ಸುರಿದು ಸರಾಗವಾಗಿ ಹೋಗುತ್ತದೆಯೇ ನೋಡಿ, ಮುಚ್ಚಳ ಹಾಕಿ.

ಎಲ್ಲ ಚೇಂಬರ್‌ಗಳೂ, ಗೇಟಿನ ಬಳಿಯ ಕೊನೆಯದೂ ತುಂಬಿದ್ದರೆ ತಡೆ ರಸ್ತೆಯದು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ನಿಮ್ಮ ಸ್ಥಳೀಯ ಸಂಸ್ಥೆಯ ಒಳಚರಂಡಿ ವಿಭಾಗಕ್ಕೆ ದೂರು ಕೊಡಿ. ವಾರ್ಡ್, ಅಡ್ಡರಸ್ತೆ, ಯಾವ ಮ್ಯಾನ್‌ಹೋಲ್ ಉಕ್ಕುತ್ತಿದೆ ಎಂಬುದನ್ನು ಫೋಟೊ ಸಹಿತ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದ ಎರಡು ಮನೆಯವರೂ ದೂರು ಕೊಟ್ಟರೆ ಇದು ಒಬ್ಬರ ಮನೆಯ ತಂಟೆಯಲ್ಲ ಎಂಬುದು ಅವರಿಗೂ ಸ್ಪಷ್ಟವಾಗುತ್ತದೆ.

ಯಾರನ್ನೂ ಮ್ಯಾನ್‌ಹೋಲ್‌ಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಬೇಡಿ. ಐನೂರು ಹೆಚ್ಚು ಕೊಡುತ್ತೇನೆ ಎಂಬ ಮಾತು ಬೇಡವೇ ಬೇಡ. ಅಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗು ವಾಸನೆಯನ್ನೇ ಗುರುತಿಸುವುದಿಲ್ಲ. ಇಳಿದವರು ಕುಸಿಯುತ್ತಾರೆ, ಎತ್ತಲು ಹೋದವರೂ ಕುಸಿಯುತ್ತಾರೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದು ಕೈಯಿಂದ ಮಲ ಬಾಚುವುದನ್ನು ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲವೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯುಜಿಡಿ ಇನ್ನೂ ಬಾರದ ಹೊರವರ್ತುಲ ರಸ್ತೆಯಾಚೆಯ ಬಡಾವಣೆಗಳವರು ಹೀರುಯಂತ್ರದ ಗಾಡಿಯನ್ನೇ ಕರೆಸಿ.

ಪ್ರತಿ ಕೆಲವು ತಿಂಗಳಿಗೆ ಅದೇ ಜಾಗ ಕಟ್ಟುತ್ತಿದ್ದರೆ ಕಾರಣ ಕಸವಲ್ಲ. ಹಳೆಯ ಮನೆಗಳ ಪಿಂಗಾಣಿ ಪೈಪಿನ ಸಂದುಗಳಿಗೆ ತೆಂಗಿನ ಮರ, ದಾಸವಾಳದ ಬೇರು ನುಗ್ಗಿರಬಹುದು. ಅಥವಾ ನೆಲ ಕುಸಿದು ಇಳಿಜಾರು ಕೆಟ್ಟಿರಬಹುದು: ನಾಲ್ಕು ಇಂಚಿನ ಪೈಪಿಗೆ ಸುಮಾರು ನಲವತ್ತು ಅಡಿಗೆ ಒಂದು ಅಡಿ ಇಳಿಜಾರು ಬೇಕು. ಎರಡಕ್ಕೂ ಅಗೆದು ಪೈಪು ಬದಲಿಸುವುದೇ ದಾರಿ. ಇನ್ನು ಮೇ ತಿಂಗಳ, ಅಕ್ಟೋಬರ್ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಉಕ್ಕುವುದಾದರೆ ತಾರಸಿಯ ಮಳೆನೀರಿನ ಪೈಪು ಎಲ್ಲಿಗೆ ಸೇರಿದೆ ನೋಡಿ. ಚೇಂಬರಿಗೆ ಸೇರಿಸಿದ್ದರೆ ತಪ್ಪು. ಅದನ್ನು ಬಿಡಿಸಿ ಮಳೆಕೊಯ್ಲಿನ ಗುಂಡಿಗೋ ರಸ್ತೆಬದಿಯ ಮಳೆನೀರು ಚರಂಡಿಗೋ ಹರಿಸಿ.

10. ಗೋಡೆಯಲ್ಲಿ ತೇವ

ಅಗೆಸುವ ಮೊದಲು ಒಂದು ವಾರ ಪೆನ್ಸಿಲಿನಿಂದ ತೇವದ ಅಂಚು ಗುರುತಿಸುತ್ತ ಬನ್ನಿ. ಯಾರೂ ಮನೆಯಲ್ಲಿಲ್ಲದ ದಿನವೂ ಬೆಳೆದರೆ ನೀರು ತರುವ ಪೈಪು. ಸ್ನಾನವಾದ ಮೇಲೆ ಮಾತ್ರ ಹಿಗ್ಗಿದರೆ ಹೊರಹೋಗುವ ಪೈಪು, ಇಲ್ಲವೇ ಟೈಲ್ಸ್ ಸಂದು. ಮಳೆಯಾದ ಮೇಲೆ ಮಾತ್ರವಾದರೆ ಪ್ಲಂಬರ್ ಬೇಡ, ಹೊರಗೋಡೆಯ ಬಿರುಕಿಗೆ ಗಾರೆಯವರು ಬೇಕು.

11. ಪ್ಲಂಬರ್‌ಗೆ ಫೋನ್ ಮಾಡುವಾಗ

‘ನೀರು ಹೋಗುತ್ತಿಲ್ಲ, ಬೇಗ ಬನ್ನಿ’ ಎಂದರೆ ಅವರು ಒಂದು ಚೀಲ ಹಿಡಿದು ಬರುತ್ತಾರೆ, ನೋಡುತ್ತಾರೆ, ಸಾಮಾನು ತರಲು ಹೋಗುತ್ತಾರೆ. ಹೋದವರು ಇನ್ನೊಂದು ಮನೆಗೆ ಸಿಕ್ಕಿಕೊಳ್ಳುತ್ತಾರೆ. ಬದಲಿಗೆ ಹೀಗೆ ಹೇಳಿ: ‘ಕೆಳಗಿನ ಬಚ್ಚಲು ಉಕ್ಕುತ್ತಿದೆ. ಎರಡನೆಯ ಚೇಂಬರ್ ತುಂಬಿದೆ, ಮೂರನೆಯದು ಖಾಲಿ. ನಡುವೆ ಇಪ್ಪತ್ತು ಅಡಿ, ನಾಲ್ಕು ಇಂಚಿನ ಪೈಪು. ಪುಡಿ, ಆಸಿಡ್ ಏನೂ ಹಾಕಿಲ್ಲ.’ ಉದ್ದನೆಯ ದಬ್ಬೆ ಮೊದಲ ಸಲವೇ ಅವರ ಬೈಕಿನ ಮೇಲೆ ಬರುತ್ತದೆ.